ತೆರೆದಿಟ್ಟದ್ದೆಲ್ಲ ತಿಳಿಯಾದುದಲ್ಲ

ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮದ ಹೆಸರು ನಾಡಿನ ನೆನಪಿನಲ್ಲಿ ಎರಡು ಕಾರಣಗಳಿಗಾಗಿ ಉಳಿದಿದೆ. ಒಂದು, ಖಾದಿ. 1927ರಲ್ಲಿ ಮಹಾತ್ಮ ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರ ಈ ಊರಿನದು. ಇನ್ನೊಂದು, ನೋವು. 1993ರ ಮಾರ್ಚ್ ತಿಂಗಳಿನಲ್ಲಿ, ದೇವಾಲಯ ಪ್ರವೇಶದ ವಿಚಾರವಾಗಿ ಬೆಳೆದ ವೈಷಮ್ಯದಲ್ಲಿ, ದಲಿತ ಸಮುದಾಯದ ಮೂವರ ಹತ್ಯೆಯಾಯಿತು. ಅಂದಿನಿಂದ ಎರಡು ಕೇರಿಗಳನ್ನು ಕೂಡಿಸುತ್ತಿದ್ದ ರಸ್ತೆಯೊಂದರಲ್ಲಿ ಜನಸಂಚಾರ ನಿಂತುಹೋಯಿತು. ಅದು ಮತ್ತೆ ತೆರೆದದ್ದು 29 ವರ್ಷಗಳ ನಂತರ. 2022ರ ಅಕ್ಟೋಬರ್ 2ರಂದು, ಭಾರತ್ ಜೋಡೊ ಯಾತ್ರೆ ಆ ಊರಿಗೆ ಬಂದಾಗ, ಎರಡೂ ಸಮುದಾಯದವರು ಆ ದಾರಿಯಲ್ಲಿ ಹೆಜ್ಜೆಯಿಟ್ಟು ಒಟ್ಟಿಗೆ ಕುಳಿತು ಉಂಡರು.

ಈ ರಸ್ತೆ ಯಾರ ಕಣ್ಣಿಗೂ ಮರೆಯಾಗಿರಲಿಲ್ಲ. ಊರಿನವರು ದಿನವೂ ಅದನ್ನು ಕಾಣುತ್ತಿದ್ದರು. ಮತ ಕೇಳಲು ಬಂದವರು, ಲೆಕ್ಕ ಬರೆಯಲು ಬಂದವರು, ಖಾದಿ ಕೇಂದ್ರವನ್ನು ನೋಡಿ ನಮಸ್ಕರಿಸಲು ಬಂದವರು, ಎಲ್ಲರಿಗೂ ಅದು ಗೋಚರವಾಗಿಯೇ ಇತ್ತು. ಹೇಳಬೇಕಾದ ರಹಸ್ಯವಾಗಲಿ, ಬಯಲಿಗೆಳೆಯಬೇಕಾದ ಕಡತವಾಗಲಿ ಅಲ್ಲಿರಲಿಲ್ಲ. ಆದರೂ ಒಂದು ತಲೆಮಾರಿನ ಕಾಲ ಅದು ಮುಚ್ಚಿಯೇ ಇತ್ತು. ಪಾರದರ್ಶಕತೆಯೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿರುವಾಗ ಬದನವಾಳಿನ ಈ ರಸ್ತೆ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಎಲ್ಲವೂ ಕಾಣುವಂತಿದ್ದರೆ ಸಾಕೆ? ಕಂಡದ್ದು ಮನುಷ್ಯನನ್ನು ಬದಲಿಸದಿದ್ದರೆ ಆ ಕಾಣ್ಕೆಗೆ ಏನು ಬೆಲೆ?

ಈ ಕಾಲದಲ್ಲಿ ತೆರೆದಿಡುವ ವ್ಯವಸ್ಥೆಗಳಿಗೆ ಕೊರತೆಯಿಲ್ಲ. ಕರ್ನಾಟಕವು ಈ ವಿಷಯದಲ್ಲಿ ಮುಂಚೂಣಿಯಲ್ಲಿದ್ದ ರಾಜ್ಯ. ಲೋಕಾಯುಕ್ತ ಕಾಯ್ದೆ 1984ರಲ್ಲೇ ಬಂದಿತು. ರಾಜ್ಯದ್ದೇ ಆದ ಮಾಹಿತಿ ಹಕ್ಕು ಕಾಯ್ದೆ 2000ದಲ್ಲಿ ರೂಪುಗೊಂಡಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂದಿತು. ಭೂಮಿ ಯೋಜನೆಯ ಮೂಲಕ ರೈತರ ಪಹಣಿಗಳು ಗಣಕಯಂತ್ರಕ್ಕೇರಿದವು. ಹಿಂದೆ ಶಾನುಭೋಗರ ಕಡತದೊಳಗೆ ಅಡಗಿರುತ್ತಿದ್ದ ಹೊಲದ ಲೆಕ್ಕ ಇಂದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುತ್ತದೆ. ಇವೆಲ್ಲ ಬಡವನಿಗೆ ಸಂದ ದೊಡ್ಡ ಉಪಕಾರಗಳೇ ಸರಿ. ಅವುಗಳನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು.

ಆದರೆ ಇದೇ ಕಾಲದಲ್ಲಿ ವಿಚಿತ್ರವಾದ ವೈರುಧ್ಯಗಳೂ ಬೆಳೆದಿವೆ. ಉದ್ಯೋಗ ಖಾತರಿಯಲ್ಲಿ ಕೂಲಿ ಮಾಡಿದ ಹಳ್ಳಿಯ ಹೆಣ್ಣುಮಗಳ ಹೆಸರು, ದುಡಿದ ದಿನ, ಪಡೆದ ಕೂಲಿ ಅಂತರ್ಜಾಲದಲ್ಲಿ ಲೋಕಕ್ಕೆಲ್ಲ ಕಾಣುವಂತಿದ್ದವು. ಅದೇ ವರ್ಷಗಳಲ್ಲಿ, 2018ರಿಂದ, ರಾಜಕೀಯ ಪಕ್ಷಗಳಿಗೆ ಕೋಟಿಗಟ್ಟಲೆ ಕೊಟ್ಟವರು ಯಾರೆಂಬುದನ್ನು ಮತದಾರನಿಂದ ಮರೆಮಾಡುವ ಚುನಾವಣಾ ಬಾಂಡ್‌ಗಳು ನಡೆದುಬಂದವು. 2024ರ ಫೆಬ್ರುವರಿ 15ರಂದು ಸರ್ವೋಚ್ಚ ನ್ಯಾಯಾಲಯವು ಅವನ್ನು ರದ್ದುಗೊಳಿಸಬೇಕಾಯಿತು. ಚಿಕ್ಕವರದು ಬಯಲು, ದೊಡ್ಡವರದು ಮರೆ. ಇನ್ನೊಂದೆಡೆ, ಮನುಷ್ಯನ ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತೆರೆಯೆಂದು ಕೇಳುವ ಹಕ್ಕು, ಮುಚ್ಚಿರಲೆಂದು ಕೇಳುವ ಹಕ್ಕು, ಎರಡೂ ಒಂದೇ ಸಂವಿಧಾನದ ಮಕ್ಕಳು. ಯಾವುದನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂಬ ವಿವೇಕವನ್ನು ಮಾತ್ರ ಕಾನೂನು ಪೂರ್ತಿಯಾಗಿ ಕಲಿಸಲಾರದು. ಅದು ಧರ್ಮದ ಕ್ಷೇತ್ರ.

ಜೈನಾಗಮವು ಈ ವಿವೇಕವನ್ನು ಶ್ರಾವಕನ ಸತ್ಯಾಣುವ್ರತದಲ್ಲಿಯೇ ಅಡಕಗೊಳಿಸಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಈ ಸೂತ್ರಗ್ರಂಥಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ರಚಿಸಿದವರು ಪೂಜ್ಯಪಾದ ಆಚಾರ್ಯರು. ಅವರ ತಪೋಭೂಮಿಯೆಂದು ಪರಂಪರೆಯು ಪೂಜಿಸುವ ಕನಕಗಿರಿ ಇರುವುದು ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿ, ಬದನವಾಳಿನಿಂದ ಬಹುದೂರವೇನಲ್ಲ. ಅವರ ವಿವರಣೆಯನ್ನು ಅನುಸರಿಸಿ ಈ ಐದನ್ನೂ ನೋಡಿದರೆ ಇಂದಿನ ಪತ್ರಿಕೆಯನ್ನು ಓದುತ್ತಿರುವಂತೆ ತೋರುತ್ತದೆ.

ಜನರನ್ನು ಹಿತದ ಮಾರ್ಗದಿಂದ ತಪ್ಪಿಸುವ ಸುಳ್ಳು ಬೋಧೆ ಮಿಥ್ಯೋಪದೇಶ. ಒಬ್ಬನು ಹೇಳದೆಯೂ ಮಾಡದೆಯೂ ಇದ್ದದ್ದನ್ನು ಅವನು ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆದಿಡುವುದು ಕೂಟಲೇಖಕ್ರಿಯೆ. ಕಳ್ಳ ಲೆಕ್ಕ, ಸುಳ್ಳು ಹಾಜರಿ, ಖೊಟ್ಟಿ ದಾಖಲೆಗಳೆಲ್ಲ ಇದರೊಳಗೆ ಬರುತ್ತವೆ. ನ್ಯಾಸಾಪಹಾರದ ಸ್ವರೂಪ ಇನ್ನೂ ಸೂಕ್ಷ್ಮ. ಒಬ್ಬನು ಹಣವನ್ನು ಇಡುಗಂಟಾಗಿ ಇಟ್ಟು ಹೋಗುತ್ತಾನೆ. ಕಾಲಾನಂತರ ಮರಳಿ ಬಂದಾಗ ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹಾಗೆಯೇ ಆಗಲಿ’ ಎಂದು ಕೇಳಿದಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಅವನು ಸುಳ್ಳು ಹೇಳಿದನೆಂದು ಯಾವ ಸಾಕ್ಷಿಯೂ ಹೇಳಲಾರದು. ಕೇಳಿದ ಪ್ರಶ್ನೆಗೆ ಕೇಳಿದಷ್ಟೇ ಉತ್ತರ ದೊರೆತಿದೆ. ಆದರೂ ಆಚಾರ್ಯರು ಇದನ್ನು ಸತ್ಯವ್ರತದ ಭಂಗದ ಅಂಚಿನಲ್ಲಿಡುತ್ತಾರೆ. ಅರ್ಜಿದಾರನು ಕೇಳಲು ಮರೆತ ಒಂದೇ ಸಾಲಿನ ನೆಪದಿಂದ ಉಳಿದ ಕಡತವನ್ನು ತಡೆಹಿಡಿಯುವ ಅಧಿಕಾರಿಯೂ, ಸಣ್ಣ ಅಕ್ಷರದ ಕರಾರನ್ನು ತೋರಿಸಿ ಗ್ರಾಹಕನ ಪಾಲನ್ನು ಉಳಿಸಿಕೊಳ್ಳುವ ವ್ಯಾಪಾರಿಯೂ ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳಬೇಕು.

ಉಳಿದ ಎರಡು ಅತಿಚಾರಗಳು ಎದುರು ದಿಕ್ಕಿನವು. ಏಕಾಂತದಲ್ಲಿ ನಡೆದದ್ದನ್ನು ಬಯಲುಗೊಳಿಸುವುದು ರಹೋಭ್ಯಾಖ್ಯಾನ. ಮಾತಿನ ಸಂದರ್ಭ, ಅಂಗವಿಕಾರ, ಹುಬ್ಬಿನ ಚಲನೆ ಮುಂತಾದವುಗಳಿಂದ ಪರರ ಮನಸ್ಸಿನ ಆಶಯವನ್ನು ಊಹಿಸಿ ಅಸೂಯೆಯಿಂದ ಪ್ರಕಟಿಸುವುದು ಸಾಕಾರಮಂತ್ರಭೇದ. ಇಂದು ಹುಬ್ಬಿನ ಚಲನೆಯನ್ನು ಗಮನಿಸುವ ಕೆಲಸವನ್ನು ಕೈಯಲ್ಲಿನ ದೂರವಾಣಿಯೇ ಮಾಡುತ್ತಿದೆ. ಯಾವ ಚಿತ್ರದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತು, ನಡುರಾತ್ರಿಯಲ್ಲಿ ಏನನ್ನು ಹುಡುಕಿತು ಎಂಬುದರಿಂದ ಮನುಷ್ಯನ ಆಸೆ, ಅಂಜಿಕೆ, ರೋಗಗಳನ್ನು ಊಹಿಸಿ ಮಾರುವ ವ್ಯವಹಾರವೇ ಬೆಳೆದಿದೆ. ಉದ್ದೇಶ ಅಸೂಯೆಯಲ್ಲ, ಲಾಭ, ಲೋಭವೂ ಕಷಾಯವೇ.

ಇಲ್ಲಿಯೇ ಗಮನಿಸಬೇಕಾದ ಸಂಗತಿಯೊಂದಿದೆ. ಮುಚ್ಚಬಾರದ್ದನ್ನು ಮುಚ್ಚುವುದು, ತೆರೆಯಬಾರದ್ದನ್ನು ತೆರೆಯುವುದು, ಎರಡನ್ನೂ ಸೂತ್ರಕಾರರು ಒಂದೇ ವ್ರತದ ದೋಷಗಳೆಂದು ಎಣಿಸಿದ್ದಾರೆ. ಇನ್ನೊಬ್ಬರ ಗುಟ್ಟನ್ನು ರಟ್ಟುಮಾಡುವವನು ಆಡುವ ಮಾತು ವಾಸ್ತವವೇ ಆಗಿರಬಹುದು. ಆದರೂ ಅದು ಸತ್ಯಕ್ಕೆ ಬಗೆದ ಅಪಚಾರ. ಏಕೆಂದರೆ ಜೈನಧರ್ಮದಲ್ಲಿ ಸತ್ಯವು ಅಹಿಂಸೆಯ ಮಡಿಲಿನಲ್ಲಿ ಬೆಳೆದ ವ್ರತ. ಮಾತು ವಾಸ್ತವಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆಯೊಡನೆ, ಅದನ್ನು ಆಡಿದವನ ಮನಸ್ಸಿನಲ್ಲಿ ಪ್ರಮಾದವಿತ್ತೇ, ಅದರಿಂದ ಯಾವ ಜೀವಕ್ಕೆ ನೋವಾಯಿತು ಎಂಬ ಪ್ರಶ್ನೆಗಳೂ ಇಲ್ಲಿ ಏಳುತ್ತವೆ.

ಹಾಗಾದರೆ ತೆರೆಯಬೇಕಾದುದು ಯಾವುದು? ಮೊದಲಾಗಿ, ತನ್ನದು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಮೂರನೆಯ ದಿನ ಆರಾಧಿಸುವ ಧರ್ಮ ಉತ್ತಮ ಆರ್ಜವ. ಋಜು ಎಂದರೆ ನೇರವಾದದ್ದು. ಋಜುವಿನ ಭಾವವೇ ಆರ್ಜವ. ಮನಸ್ಸಿನಲ್ಲಿದ್ದುದೇ ಮಾತಿನಲ್ಲಿ, ಮಾತಿನಲ್ಲಿದ್ದುದೇ ನಡೆಯಲ್ಲಿ ಇರುವುದು ಅದರ ಲಕ್ಷಣ. ಅದರ ಶತ್ರು ಮಾಯಾ ಕಷಾಯ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮಾಯೆಯ ತರತಮಗಳನ್ನು ಬಿದಿರಿನ ಬೇರು, ಟಗರಿನ ಕೊಂಬು, ನಡೆಯುವ ಗೋವಿನ ಮೂತ್ರದ ಗೆರೆ ಮೊದಲಾದವುಗಳ ವಕ್ರತೆಗೆ ಹೋಲಿಸುತ್ತಾರೆ. ಬಿದಿರಿನ ಬೇರು ನೆಲದೊಳಗೆ ತಿರುಚಿ ಹೆಣೆದುಕೊಂಡದ್ದು. ಮೇಲೆ ನಿಂತ ಗಳ ಮಾತ್ರ ನೆಟ್ಟಗೆ ಆಕಾಶಕ್ಕೆ ಚಾಚಿರುತ್ತದೆ. ಹೊರಗೆ ನೇರ, ಒಳಗೆ ಡೊಂಕು: ಕಪಟಕ್ಕೆ ಇದಕ್ಕಿಂತ ಒಪ್ಪುವ ಉಪಮೆ ಸಿಗುವುದು ಕಷ್ಟ.

ಹೊರಗೆ ತೆರೆದುಕೊಂಡವನ ಒಳಗೂ ಮುಳ್ಳೊಂದು ಉಳಿಯಬಹುದೆಂಬುದಕ್ಕೆ ಬಾಹುಬಲಿಯ ಚರಿತೆಯೇ ಸಾಕ್ಷಿ. ರಾಜ್ಯವನ್ನು ತೊರೆದ, ವಸ್ತ್ರವನ್ನು ತೊರೆದ, ಬಳ್ಳಿ ಹಬ್ಬಿದರೂ ಮಿಸುಕದೆ ವರ್ಷಕಾಲ ನಿಂತ ಆ ಮಹಾತ್ಮನಲ್ಲಿ ಬಚ್ಚಿಡಲು ಏನೂ ಇರಲಿಲ್ಲ. ಆದರೂ ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಅಳುಕು ಶಲ್ಯವಾಗಿ ಮನದಲ್ಲಿ ಉಳಿದಿತ್ತೆಂದು ಕನ್ನಡ ನಾಡಿನ ಪರಂಪರೆ ಹೇಳುತ್ತದೆ. ಅದು ಕರಗಿದ ಮೇಲೆಯೇ ಕೇವಲಜ್ಞಾನ ಉದಯಿಸಿತು. ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರ ಹೇಳುವುದರ ಮರ್ಮ ಇದು. ಹೊರಗಿನ ಬಯಲು ಸಾಧನೆಯ ಆರಂಭ. ಒಳಗಿನ ಮುಳ್ಳನ್ನು ತೆಗೆಯುವುದು ಅದರ ಗುರಿ.

ಆ ಮುಳ್ಳನ್ನು ತೆಗೆಯುವ ಕ್ರಮವೇ ಆಲೋಚನೆ. ಇಲ್ಲಿ ಆಲೋಚನೆಯೆಂದರೆ ಗುರುವಿನ ಸನ್ನಿಧಿಯಲ್ಲಿ ತನ್ನ ದೋಷವನ್ನು ತಾನೇ ನಿವೇದಿಸಿಕೊಳ್ಳುವುದು. ಹಳಗನ್ನಡದ ವಡ್ಡಾರಾಧನೆಯ ಕಥೆಗಳಿಗೆ ಸಂಬಂಧವುಳ್ಳ ಭಗವತೀ ಆರಾಧನೆಯಲ್ಲಿ ಈ ನಿವೇದನೆಗೂ ಹತ್ತು ದೋಷಗಳುಂಟೆಂದು ಎಚ್ಚರಿಸಲಾಗಿದೆ. ಗುರುವಿನ ಮನಸ್ಸು ಕರಗುವಂತೆ ನಡೆದುಕೊಂಡು ಆಮೇಲೆ ತಪ್ಪು ಹೇಳುವುದು ಒಂದು. ಇತರರು ಕಂಡ ದೋಷವನ್ನು ಮಾತ್ರ ಹೇಳಿ ಕಾಣದ್ದನ್ನು ಉಳಿಸಿಕೊಳ್ಳುವುದು ಮತ್ತೊಂದು. ಅದಕ್ಕೆ ದೃಷ್ಟದೋಷವೆಂದು ಹೆಸರು. ದೊಡ್ಡದನ್ನು ಹೇಳಿ ಚಿಕ್ಕದನ್ನು ಮುಚ್ಚುವುದು, ಚಿಕ್ಕದನ್ನು ಹೇಳಿ ದೊಡ್ಡದನ್ನು ಮುಚ್ಚುವುದು, ಎಲ್ಲರೂ ಒಟ್ಟಾಗಿ ದನಿಯೆತ್ತಿರುವ ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಹೇಳಿ ಮುಗಿಸುವುದು, ತನ್ನಂತೆಯೇ ತಪ್ಪು ಮಾಡಿದವನ ಮುಂದೆ ಹೇಳಿ ಹಗುರಾಗುವುದು, ಹೀಗೆ ಪಟ್ಟಿ ಮುಂದುವರಿಯುತ್ತದೆ.

ಮುನಿಸಂಘಕ್ಕೆಂದು ಹೇಳಿದ ಈ ಪಟ್ಟಿಯಲ್ಲಿ ಇಂದಿನ ಸಮಾಜದ ಮುಖ ಕಾಣುತ್ತದೆ. ಕ್ಯಾಮೆರಾದಲ್ಲಿ ಸೆರೆಯಾದ ಮೇಲೆ ಕ್ಷಮೆ ಕೇಳುವುದು ದೃಷ್ಟದೋಷ. ಸಾವಿರ ಪುಟಗಳ ವರದಿಯನ್ನು ಒಮ್ಮೆಲೇ ಸುರಿದು ಮುಖ್ಯವಾದ ಒಂದು ಪುಟ ಅದರಲ್ಲಿ ಹೂತುಹೋಗುವಂತೆ ಮಾಡುವುದು ಗದ್ದಲದಲ್ಲಿ ಹೇಳುವ ದೋಷ. ತನ್ನ ಸಣ್ಣಪುಟ್ಟ ದೌರ್ಬಲ್ಯಗಳನ್ನು ಲೋಕದೆದುರು ಹೇಳಿಕೊಂಡು, ಎಷ್ಟು ಪ್ರಾಮಾಣಿಕನೆಂಬ ಮೆಚ್ಚುಗೆಯನ್ನು ಗಳಿಸಿ, ದೊಡ್ಡ ತಪ್ಪನ್ನು ಅದರ ಹಿಂದೆ ಅಡಗಿಸುವುದು ಸೂಕ್ಷ್ಮದೋಷ. ತೆರೆಯುವ ಕ್ರಿಯೆಯೇ ಪರದೆಯಾಗಬಲ್ಲದು. ಪಾರದರ್ಶಕತೆಯ ಅತಿ ದೊಡ್ಡ ವಿರೋಧಾಭಾಸವನ್ನು ಆಚಾರ್ಯರು ಶತಮಾನಗಳ ಹಿಂದೆಯೇ ಗುರುತಿಸಿದ್ದರು.

ತನ್ನ ದೋಷವನ್ನು ತೆರೆಯಬೇಕೆಂದ ಧರ್ಮವೇ ಪರರ ದೋಷವನ್ನು ಮುಚ್ಚಬೇಕೆನ್ನುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ದೃಷ್ಟಾಂತವಾಗಿ ಹೆಸರಿಸಿರುವುದು ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು. ಕಳ್ಳನೊಬ್ಬನು ವ್ರತಿಯ ವೇಷದಿಂದ ಅವನ ಜಿನಾಲಯವನ್ನು ಸೇರಿ ಅಮೂಲ್ಯ ರತ್ನವನ್ನು ಕದ್ದು ಸಿಕ್ಕಿಬೀಳುತ್ತಾನೆ. ತನ್ನ ಮಾತಿನಂತೆಯೇ ಅವನು ಅದನ್ನು ತಂದನೆಂದು ಶ್ರೇಷ್ಠಿಯು ಜನರ ಮುಂದೆ ಹೇಳಿ ಅವನನ್ನು ಉಳಿಸುತ್ತಾನೆ. ಬಳಿಕ ಏಕಾಂತದಲ್ಲಿ ಖಂಡಿಸಿ ಕಳುಹಿಸಿಬಿಡುತ್ತಾನೆ. ಒಬ್ಬನ ಕಪಟದಿಂದ ವ್ರತಿಗಳೆಲ್ಲರ ಮೇಲಿನ ನಂಬಿಕೆ ಹಾಳಾಗದಿರಲೆಂಬುದು ಅವನ ಆಶಯ.

ಈ ಕಥೆಯನ್ನು ತಪ್ಪಾಗಿ ಬಳಸುವವರಿದ್ದಾರೆ. ಸಂಸ್ಥೆಯ ಮಾನ, ಸಮಾಜದ ಮಾನ, ಮನೆತನದ ಮಾನ ಎಂಬ ಹೆಸರಿನಲ್ಲಿ ದೊಡ್ಡವರ ಅಪರಾಧಗಳನ್ನು ಮುಚ್ಚಿಹಾಕುವುದಕ್ಕೆ ಉಪಗೂಹನವನ್ನು ಗುರಾಣಿಯಾಗಿ ಹಿಡಿಯುವುದುಂಟು. ಅದು ಧರ್ಮಸಮ್ಮತವಲ್ಲ. ಜಿನೇಂದ್ರಭಕ್ತನು ಕ್ಷಮಿಸಿದ್ದು ತನಗಾದ ನಷ್ಟವನ್ನು. ರತ್ನ ಅವನ ರಕ್ಷಣೆಯಲ್ಲಿತ್ತು, ಅದು ಮರಳಿ ಅವನ ಕೈಸೇರಿತ್ತು. ಇನ್ನೊಬ್ಬರಿಗಾದ ನೋವನ್ನು ಅವರ ಪರವಾಗಿ ಕ್ಷಮಿಸುವ ಅಧಿಕಾರ ಯಾರಿಗೂ ಇಲ್ಲ. ಬದನವಾಳಿನಲ್ಲಿ ಹೋದದ್ದು ಮೂರು ಜೀವ. ಅಂಥಲ್ಲಿ ಹಳೆಯದನ್ನು ಕೆದಕಬಾರದೆಂಬ ಸಲಹೆ, ಹೊರಗೆ ಎಷ್ಟೇ ಸೌಮ್ಯವಾಗಿ ಕೇಳಿಸಿದರೂ, ಉಪಗೂಹನವಾಗದೆ ಹಿಂಸೆಯ ಅನುಮೋದನೆಯಾಗುತ್ತದೆ. ಕೃತ, ಕಾರಿತ, ಅನುಮೋದನ ಮೂರರಿಂದಲೂ ಕರ್ಮಬಂಧವುಂಟೆಂಬುದನ್ನು ಶ್ರಾವಕನು ಮರೆಯುವಂತಿಲ್ಲ.

ತೆರೆಯುವುದರಲ್ಲಿಯೂ ಮಹಾತ್ಮರೇ ಎಡವಬಹುದು. ಗಾಂಧೀಜಿಯವರ ಅಂತರಂಗವನ್ನು ರೂಪಿಸಿದವರಲ್ಲಿ ಶ್ರೀಮದ್ ರಾಜಚಂದ್ರರು ಪ್ರಮುಖರು. 1891ರಲ್ಲಿ ಮುಂಬಯಿಯಲ್ಲಿ ಅವರ ಪರಿಚಯವಾಯಿತು. ರತ್ನದ ವ್ಯಾಪಾರಿಯಾಗಿದ್ದ ಆ ಜೈನ ಗೃಹಸ್ಥರು ವ್ಯವಹಾರದ ಮಾತು ಮುಗಿದೊಡನೆ ಧರ್ಮಗ್ರಂಥವನ್ನೋ ತಮ್ಮ ದಿನಚರಿಯನ್ನೋ ತೆರೆಯುತ್ತಿದ್ದುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ. ಲೆಕ್ಕದ ಪುಸ್ತಕವೂ ಆತ್ಮದ ಪುಸ್ತಕವೂ ಒಂದೇ ಮೇಜಿನ ಮೇಲಿದ್ದ ಬದುಕು ಅದು. ಸಾರ್ವಜನಿಕ ಹಣದ ಕಾಸು ಕಾಸಿಗೂ ಲೆಕ್ಕವಿಡುವ, ತಮ್ಮ ತಪ್ಪನ್ನು ಮೊದಲು ತಾವೇ ಹೇಳಿಕೊಳ್ಳುವ ಗಾಂಧೀಜಿಯವರ ಶಿಸ್ತು ಆರ್ಜವದ ಉಜ್ವಲ ಮಾದರಿ. ಆದರೆ 1929ರಲ್ಲಿ, ಕಸ್ತೂರಬಾ ಅವರು ಕಾಣಿಕೆಯಾಗಿ ಬಂದ ನಾಲ್ಕು ರೂಪಾಯಿಗಳನ್ನು ಆಶ್ರಮದ ಕಚೇರಿಗೆ ಒಪ್ಪಿಸದೆ ಇಟ್ಟುಕೊಂಡಿದ್ದರೆಂಬುದನ್ನು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ದೇಶಕ್ಕೆಲ್ಲ ತಿಳಿಯುವಂತೆ ಬರೆದರು. ಆಶ್ರಮದ ದೋಷ ತಮ್ಮದೇ ದೋಷವೆಂಬ ಭಾವದಿಂದಲೇ ಅವರು ಹಾಗೆ ಮಾಡಿದರು. ಆದರೂ ಆ ಲೇಖನದಲ್ಲಿ ಬಯಲಾದದ್ದು ಇನ್ನೊಂದು ಜೀವದ ಸಂಕೋಚ. ಆ ಜೀವದ ಒಪ್ಪಿಗೆ ಅಲ್ಲಿತ್ತೇ ಎಂಬ ಪ್ರಶ್ನೆಯನ್ನು ಉಪಗೂಹನದ ಧರ್ಮ ಮೆಲ್ಲನೆ ಕೇಳುತ್ತದೆ. ಹಣದ ಲೆಕ್ಕವನ್ನು ಸರಿಪಡಿಸಲು ಆಶ್ರಮದ ವಹಿ ಸಾಕಾಗಿತ್ತು.

ಎಲ್ಲವನ್ನೂ ಕಾಣುವ ಜ್ಞಾನವನ್ನು ಜೈನಧರ್ಮ ನಿರಾಕರಿಸುವುದಿಲ್ಲ. ಅದನ್ನೇ ಜೀವದ ಸಹಜ ಸ್ವಭಾವವೆನ್ನುತ್ತದೆ. ಕೇವಲಿಗೆ ಸಕಲ ದ್ರವ್ಯಗಳೂ ಸಕಲ ಪರ್ಯಾಯಗಳೂ ಗೋಚರ. ಆದರೆ ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದ ಆರಂಭದಲ್ಲಿಯೇ ಅದಕ್ಕೊಂದು ಕ್ರಮವನ್ನು ಹೇಳಿದೆ. ಮೊದಲು ಕ್ಷಯವಾಗಬೇಕಾದುದು ಮೋಹನೀಯ ಕರ್ಮ. ಜ್ಞಾನಾವರಣ, ದರ್ಶನಾವರಣ, ಅಂತರಾಯಗಳು ಆ ಬಳಿಕವೇ ಕ್ಷಯವಾಗಿ ಕೇವಲಜ್ಞಾನ ಪ್ರಕಟವಾಗುತ್ತದೆ. ಬಯಕೆ ಅಳಿಯದೆ ಆವರಣ ಅಳಿಯದು. ಏನನ್ನೂ ಬಯಸದವನಿಗೆ ಮಾತ್ರ ಎಲ್ಲವನ್ನೂ ಕಾಣುವ ಅರ್ಹತೆ. ಬೀದಿಬೀದಿಗೆ ಕಣ್ಣು ನೆಡುತ್ತಿರುವ ಇಂದಿನ ಲೋಕ ಈ ಕ್ರಮವನ್ನು ತಿರುವುಮುರುವು ಮಾಡಿದೆ. ರಾಗದ್ವೇಷಗಳು ಇದ್ದಂತೆಯೇ ಇವೆ. ಅವುಗಳ ಕೈಗೆ ಸರ್ವದರ್ಶನದ ಕನ್ನಡಿ ಸಿಕ್ಕಿದೆ. ಮಗಳ ದೂರವಾಣಿಯನ್ನು ಕದ್ದು ನೋಡುವ ತಂದೆ, ನೆರೆಮನೆಯ ಬಾಗಿಲಿಗೆ ಕ್ಯಾಮೆರಾ ತಿರುಗಿಸುವ ಗೃಹಸ್ಥ, ಪ್ರಜೆಗಳ ಮಾತನ್ನು ಕೇಳಿಸಿಕೊಳ್ಳಲು ಹವಣಿಸುವ ಪ್ರಭುತ್ವ, ಯಾರಿಗೂ ಆ ಅರ್ಹತೆಯಿಲ್ಲ.

ಗೃಹಸ್ಥನು ಇದರಿಂದ ಕಲಿಯಬೇಕಾದ ಪಾಠ ಸರಳ. ಪರರ ನಂಬಿಕೆಯಿಂದ ತನ್ನ ಕೈಗೆ ಬಂದದ್ದನ್ನು, ಅದು ಬಸದಿಯ ಹುಂಡಿಯಾಗಲಿ, ಸಹಕಾರ ಸಂಘದ ಠೇವಣಿಯಾಗಲಿ, ಪಂಚಾಯಿತಿಯ ಅನುದಾನವಾಗಲಿ, ಕೇಳುವ ಮೊದಲೇ ತೆರೆದಿಡಬೇಕು. ಅಧಿಕಾರ ಹೆಚ್ಚಿದಷ್ಟೂ ತೆರೆಯುವ ಹೊಣೆ ಹೆಚ್ಚು. ತನಗಿಂತ ದುರ್ಬಲನಾದವನ ಬಡತನ, ಕಾಯಿಲೆ, ಸಾಲ, ಜಾರಿದ ಹೆಜ್ಜೆಗಳು ಕಣ್ಣಿಗೆ ಬಿದ್ದರೆ ಮುಚ್ಚಬೇಕು. ಅನ್ಯಾಯಕ್ಕೊಳಗಾದವನು ಬಾಯಿ ತೆರೆದರೆ ಅವನ ಬಾಯಿ ಮುಚ್ಚಿಸದಿರಬೇಕು. ದಿನದ ಕೊನೆಗೆ ಪ್ರತಿಕ್ರಮಣಕ್ಕೆ ಕುಳಿತಾಗ ಯಾರೂ ಕಾಣದಿದ್ದ ತನ್ನದೊಂದು ತಪ್ಪನ್ನಾದರೂ ತಾನು ಕಾಣಬೇಕು.

ಬದನವಾಳಿಗೆ 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ನಾಡಿನ ಹಲವೆಡೆಯ ಜನ ಬಂದು ಸೇರಿದ್ದರು. ಕೈಕೆಲಸದ, ಸರಳ ಬದುಕಿನ ಮಾತು ಅಲ್ಲಿ ನಡೆಯಿತು. ಆ ಊರಿನ ಹಳೆಯ ಕಾಯಕವೇ ಒಂದು ಪಾಠವನ್ನು ಹೇಳುತ್ತದೆ. ಚರಕದಲ್ಲಿ ನೂತವರಿಗೆಲ್ಲ ಗೊತ್ತಿರುವ ಸಂಗತಿಯದು: ಕದಿರು ಕೊಂಚ ಡೊಂಕಾದರೂ ನೂಲು ನಡುಗುತ್ತದೆ, ಮತ್ತೆ ಮತ್ತೆ ಕಡಿಯುತ್ತದೆ. ಹತ್ತಿಯನ್ನು ದೂರಿ, ಚಕ್ರವನ್ನು ದೂರಿ ಪ್ರಯೋಜನವಿಲ್ಲ. ಕದಿರನ್ನು ಕಳಚಿ, ಕಣ್ಣ ಮಟ್ಟಕ್ಕೆ ಹಿಡಿದು, ಡೊಂಕು ಎಲ್ಲಿದೆಯೆಂದು ನೋಡಿ ತಿದ್ದಬೇಕು. ಆ ಕದಿರಿನ ನೇರವೇ ಆರ್ಜವ. ಅದರಿಂದ ಬಂದ ನೂಲು ಬಟ್ಟೆಯಾಗಿ ಇನ್ನೊಬ್ಬರ ಮಾನವನ್ನು ಮುಚ್ಚುತ್ತದೆ. ತನ್ನನ್ನು ನೇರಗೊಳಿಸಿಕೊಳ್ಳುವುದು, ಪರರ ಮಾನವನ್ನು ಕಾಯುವುದು, ಎರಡೂ ಒಂದೇ ಕಾಯಕದ ಎರಡು ತುದಿಗಳು.

ಇಪ್ಪತ್ತೊಂಬತ್ತು ವರ್ಷ ಕಣ್ಣೆದುರಿಗೇ ಇದ್ದು ಕಾಣದಿದ್ದ ದಾರಿಯೊಂದು ಒಂದು ದಿನ ತೆರೆಯಿತು. ಅದು ತೆರೆದೇ ಇರಬೇಕಾದರೆ ನಡೆಯುವವರು ಬೇಕು. ಅಂಥ ದಾರಿಗಳು ಬದನವಾಳಿನಲ್ಲಿ ಮಾತ್ರ ಇಲ್ಲ. ಪ್ರತಿ ಊರಿನಲ್ಲಿ, ಪ್ರತಿ ಮನೆಯಲ್ಲಿ, ಪ್ರತಿ ಮನಸ್ಸಿನಲ್ಲಿ ಒಂದೊಂದು ಇದೆ. ಮುಂದಿನ ಪ್ರತಿಕ್ರಮಣದಲ್ಲಿ ಶ್ರಾವಕನು ಹುಡುಕಬೇಕಾದುದು ಅದನ್ನೇ.